ಕೆಲಸವಿಲ್ಲದೆ ಬೆಂಗಳೂರಿಗೆ: ಅಮ್ಮ, ಮಗಳು ಮತ್ತು 4000 ರೂಪಾಯಿ

ಚಿತ್ರದುರ್ಗದವರಿಗೆ ಬೆಂಗಳೂರು ದೂರವೇನಲ್ಲ. ಸುಮಾರು 200 ಕಿಲೋಮೀಟರ್, ಬಸ್ಸಿನಲ್ಲಿ ನಾಲ್ಕೈದು ಗಂಟೆ. ಆದರೂ ನಾವು ಅಲ್ಲಿಗೆ ಹೋಗುವುದು ಆಸ್ಪತ್ರೆಗೆ, ಮದುವೆಗೆ, ಕಾಲೇಜು ಸೀಟಿಗೆ, ಇಲ್ಲವೇ ಯಾರನ್ನಾದರೂ ವಿಮಾನ ಹತ್ತಿಸಲಿಕ್ಕೆ. ಸುಮ್ನೆ ನೋಡಿಕೊಂಡು ಬರಲು ಹೋದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಮಗಳ ಡಿಗ್ರಿ ಪರೀಕ್ಷೆ ಮುಗಿದಾಗ, ನಾವಿಬ್ಬರೇ ಹೋಗಿ ಒಂದು ರಾತ್ರಿ ಇದ್ದು ಬರುತ್ತೇವೆ ಎಂದೆ. ಮನೆಯವರು ಕೇಳಿದ ಮೊದಲ ಪ್ರಶ್ನೆ, "ಏನು ಕೆಲಸ?" ಕೆಲಸ ಏನೂ ಇಲ್ಲ ಎಂದೆ. ಎರಡನೆಯದು, "ಎಷ್ಟಾಗುತ್ತೆ?"

ಅದಕ್ಕೆ ಉತ್ತರ ರೆಡಿ ಇತ್ತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮದುವೆ ಸೀಸನ್ನಿನಲ್ಲಿ ಎತ್ತಿಟ್ಟ 4000 ರೂಪಾಯಿ ಇತ್ತು. ಇಬ್ಬರ ಖರ್ಚೂ ಅದರೊಳಗೆ ಮುಗಿಯಬೇಕು, ಆದರೆ ಹೊಟ್ಟೆ ಕಟ್ಟಬಾರದು. ಇಷ್ಟೇ ನನ್ನ ಲೆಕ್ಕ.

ಬಸ್ ಚಾರ್ಜಿನ ಚಿಂತೆ ಇರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಕೆಂಪು ಬಸ್ಸು ಸಾಕು. ರಾಜಹಂಸ, ಐರಾವತಕ್ಕೆ ಇದು ನಡೆಯುವುದಿಲ್ಲ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು. "ಪುಕ್ಕಟೆ ತಾನೇ, ಟಿಕೆಟ್ ಯಾಕೆ" ಎಂದು ಕೂತರೆ ಚೆಕಿಂಗ್‌ನವರು ಬಂದಾಗ ಮುಖ ಕೆಂಪಾಗುತ್ತದೆ. ವಾರದ ಕೊನೆಗೆ ಈ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಹಾಗಾಗಿ ಮಂಗಳವಾರ ಹೋಗಿ ಬುಧವಾರ ಬರುವುದೆಂದು ಮಾಡಿದೆವು. ಸೋಮವಾರ ಬೇಡ, ಬೆಂಗಳೂರಿನ ಎಷ್ಟೋ ಮ್ಯೂಸಿಯಂಗಳಿಗೆ ಅವತ್ತು ಬೀಗ.

ಉಳಿಯುವ ವಿಷಯಕ್ಕೆ ಎಲ್ಲರೂ ಹೇಳಿದ್ದು ಒಂದೇ: "ಕೆಂಗೇರಿಯಲ್ಲಿ ಚಿಕ್ಕಪ್ಪನ ಮನೆ ಇದೆಯಲ್ಲ." ಇದೆ. ಆದರೆ ನೆಂಟರ ಮನೆ ಪುಕ್ಕಟೆ ಅನ್ನುವುದು ತಪ್ಪು ಲೆಕ್ಕ. ಒಂದು ಕೆ.ಜಿ. ಸ್ವೀಟು, ಹಣ್ಣು, ಮಕ್ಕಳ ಕೈಗೆ ಒಂದಿಷ್ಟು ದುಡ್ಡು, ಹೋಗಿಬರಲು ಆಟೊ. ಅದಕ್ಕಿಂತ ಜಾಸ್ತಿ ಹೋಗುವುದು ಹೊತ್ತು. ಸಂಜೆ ಆರಕ್ಕೆ ಊಟಕ್ಕೆ ಕಾಯುತ್ತಾರೆ ಅಂತ ಓಡಬೇಕು. ಅಲ್ಲಿ ಕೂತು ಮಗಳ ಮಾರ್ಕ್ಸು, ಮದುವೆ ಎರಡಕ್ಕೂ ಉತ್ತರ ಹೇಳಬೇಕು. "ಅಮ್ಮಾ, ಅಲ್ಲಿಗಾದ್ರೆ ನಾನು ಬರಲ್ಲ" ಅಂದಳು. ಅವಳು ಹೇಳಿದ್ದು ಸರಿಯೇ.

ರೂಮು ಹುಡುಕಿದ್ದು ಮಗಳು, ಫೋನ್ ಮಾಡಿದ್ದು ನಾನು. ಆ್ಯಪಿನಲ್ಲಿ ಕಾಣುವ ಬಾಡಿಗೆ ನೋಡಿ ಸುಮ್ಮನಾಗಬಾರದು, ನೇರವಾಗಿ ಮಾತಾಡಬೇಕು. ಕೇಳಬೇಕಾದದ್ದು ಹೆಚ್ಚೇನಿಲ್ಲ. ಇಬ್ಬರು ಹೆಂಗಸರು ಬರುತ್ತೇವೆ, ಬಿಸಿನೀರು ಎಷ್ಟು ಹೊತ್ತಿಗೆ, ಲಿಫ್ಟ್ ಇದೆಯಾ, ಚೆಕ್‌ಔಟ್ ಮಧ್ಯಾಹ್ನ 12ಕ್ಕಾ, ಇಲ್ಲ ನಾವು ಬಂದ ಹೊತ್ತಿನಿಂದ 24 ಗಂಟೆಯದಾ. ಈ ಕೊನೆಯ ಪ್ರಶ್ನೆ ಮರೆಯಬೇಡಿ. 24 ಗಂಟೆಯದಾದರೆ ಬೆಳಿಗ್ಗೆ 11ಕ್ಕೆ ಹೋದರೂ ಬಾಗಿಲು ತೆಗೆಯುತ್ತಾರೆ, ಮುಖ ತೊಳೆದು ಹೊರಡಬಹುದು. ಮೆಜೆಸ್ಟಿಕ್ ಸುತ್ತ ಇನ್ನೂ ಕಡಿಮೆಗೆ ಸಿಗುತ್ತದೆ. ಆದರೆ ರಾತ್ರಿ ಒಂಬತ್ತಕ್ಕೆ ನಡೆದುಕೊಂಡು ಬರುವಾಗ ಪಕ್ಕದಲ್ಲಿ ಮನೆ, ದಿನಸಿ ಅಂಗಡಿ ಇರಬೇಕು ಅನ್ನುವುದು ನನ್ನ ಹಟ. ಲಾಲ್‌ಬಾಗಿನ ಪಶ್ಚಿಮದ ಕಡೆ, ಬಸವನಗುಡಿಗೆ ಸೇರಿದ ಓಣಿಯೊಂದರಲ್ಲಿ 1500 ರೂಪಾಯಿಗೆ ರೂಮು ಸಿಕ್ಕಿತು. ನಮ್ಮ ಖರ್ಚಿನಲ್ಲಿ ದೊಡ್ಡ ಭಾಗ ಇದೇ, ಇದರಲ್ಲಿ ಚೌಕಾಸಿ ಮಾಡಲಿಲ್ಲ.

ಆ ಜಾಗವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಬೆಂಗಳೂರಿನಲ್ಲಿ ದುಡ್ಡು ಸೋರುವುದು ಆಟೊದಲ್ಲಿ. ಅಲ್ಲೊಂದು ಇಲ್ಲೊಂದು ಜಾಗ ಪಟ್ಟಿ ಮಾಡಿಕೊಂಡರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ನಾವು ಮೆಟ್ರೊದ ಹಸಿರು ಮಾರ್ಗದ ನಕ್ಷೆ ಹರವಿಕೊಂಡು, ಆ ಗೆರೆಯ ಮೇಲೆ ಏನಿದೆಯೋ ಅದನ್ನಷ್ಟೇ ನೋಡುವುದು ಅಂತ ತೀರ್ಮಾನ ಮಾಡಿದೆವು. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗು ಎಲ್ಲ ಸಾಲಾಗಿ ಒಂದಾದ ಮೇಲೊಂದು ನಿಲ್ದಾಣ. ಮೆಜೆಸ್ಟಿಕ್‌ನಲ್ಲಿ ಒಂದು ಸಲ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಕಬ್ಬನ್ ಪಾರ್ಕು. ಬೆಂಗಳೂರು ಅರಮನೆ, ಬನ್ನೇರುಘಟ್ಟ, ಮಾಲುಗಳು ಎಲ್ಲ ಪಟ್ಟಿಯಿಂದ ಹೊರಗೆ. ಮಾಲಿಗೆ ಮಗಳು ಸ್ವಲ್ಪ ಮುಖ ಊದಿಸಿದಳು, ಆಮೇಲೆ ಮರೆತಳು.

ತುಮಕೂರು ರಸ್ತೆಯಿಂದ ಬರುವವರಿಗೆ ಇನ್ನೊಂದು ಅನುಕೂಲ ಇದೆ. ಹಸಿರು ಮಾರ್ಗ ಅದೇ ರಸ್ತೆಯುದ್ದಕ್ಕೂ ಬರುತ್ತದೆ, ಈಗ ಮಾದಾವರದ ತನಕ. ಬಸ್ಸಿನಲ್ಲಿ ಮೆಜೆಸ್ಟಿಕ್ ತನಕ ಕೂತರೆ ಗೊರಗುಂಟೆಪಾಳ್ಯ, ಯಶವಂತಪುರದ ಟ್ರಾಫಿಕ್ಕಿನಲ್ಲಿ ಬೇಯಬೇಕು. ಎಂಟನೇ ಮೈಲಿ ಸ್ಟಾಪಿನಲ್ಲಿ ನಿಲ್ಲಿಸ್ತೀರಾ ಅಂತ ಕಂಡಕ್ಟರನ್ನು ಮೊದಲೇ ಕೇಳಿಟ್ಟಿದ್ದೆ. ಅಲ್ಲಿಳಿದರೆ ದಾಸರಹಳ್ಳಿ ಮೆಟ್ರೊ ಪಕ್ಕದಲ್ಲೇ. ಮೆಟ್ರೊಗೆ ಶಕ್ತಿ ಇಲ್ಲ, ದುಡ್ಡು ಕೊಡಬೇಕು. 2025ರಲ್ಲಿ ದರ ಏರಿಸಿದ ಮೇಲೆ ಕಮ್ಮಿಯೆಂದರೆ 10, ಹೆಚ್ಚೆಂದರೆ 90 ರೂಪಾಯಿ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದಲ್ಲ ಅಂದರೆ, ಹೌದು, ಸಣ್ಣ ದೂರಕ್ಕೆ ನಾವೂ ಹೋದೆವು. ಆದರೆ ಒಂದೇ ರಾತ್ರಿಯ ತಿರುಗಾಟದಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ, ಅದಕ್ಕೆ ಮೆಟ್ರೊ ದುಡ್ಡು ದಂಡ ಅನ್ನಿಸಲಿಲ್ಲ. ಮೊದಲ ಬೋಗಿ ಹೆಂಗಸರಿಗೆ. ನಿಲ್ದಾಣದಲ್ಲಿ ಶೌಚಾಲಯ ಇರುತ್ತದೆ. ಊರೂರು ಸುತ್ತುವ ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ.

ರೂಮಿನಲ್ಲಿ ಚೀಲ ಇಟ್ಟು, ಮನೆಯಿಂದ ಕಟ್ಟಿಕೊಂಡು ಬಂದ ಚಪಾತಿ ತಿಂದು, ಮೊದಲು ಮಾರುಕಟ್ಟೆ ಕಡೆ ಹೋದೆವು. ಅಲ್ಲೇ ಬೆಂಗಳೂರು ಕೋಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ, ಹೈದರಾಲಿ ಕಾಲದಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿದರು. ಈಗ ಉಳಿದಿರುವುದು ಒಂದು ಬಾಗಿಲು, ಸುತ್ತ ಒಂದಿಷ್ಟು ಗೋಡೆ. ಏಳು ಸುತ್ತಿನ ಕೋಟೆಯ ಕೆಳಗೆ ಹುಟ್ಟಿ ಬೆಳೆದ ಮಗಳು ಒಳಗೆ ಹೋಗಿ ಹಿಂದಿರುಗಿ ನೋಡಿ, "ಇಷ್ಟೇನಾ?" ಅಂದಳು. ಬಾಗಿಲ ಕಮಾನಿನ ಕೆತ್ತನೆ ಮಾತ್ರ ಚೆನ್ನಾಗಿದೆ, ನಮ್ಮಲ್ಲಿ ಅಷ್ಟು ನಯದ ಕೆಲಸ ಕಮ್ಮಿ. ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆ 1791ರಲ್ಲಿ ಮುಗಿದದ್ದು, ಹೆಚ್ಚಾಗಿ ತೇಗದ ಮರದ್ದು. ಟಿಕೆಟ್ ಚಿಲ್ಲರೆ ದುಡ್ಡು. ಹೊರಗಿನ ಗದ್ದಲ ಒಳಗೆ ಬರುವುದಿಲ್ಲ, ಮರದ ಕಂಬಗಳ ನಡುವೆ ತಣ್ಣಗಿರುತ್ತದೆ. ಬಿಸಿಲ ಹೊತ್ತಿಗೆ ಒಳ್ಳೆಯ ಜಾಗ.

ಚಿಕ್ಕಪೇಟೆಯ ವಿಷಯದಲ್ಲಿ ನಮ್ಮಿಬ್ಬರಿಗೆ ಮೊದಲೇ ಒಪ್ಪಂದ ಆಗಿತ್ತು. "ನೀನು ಲೈನಿಂಗ್ ಬಟ್ಟೆ ಅಂಗಡಿಗೆ ಹೋದ್ರೆ ಸಂಜೆ ತನಕ ಹೊರಗೆ ಬರಲ್ಲ ಕಣಮ್ಮ" ಎಂದು ಅವಳ ತಕರಾರು. ಕೊನೆಗೆ ಅರ್ಧ ಗಂಟೆ ಕೊಟ್ಟಳು, ಗಡಿಯಾರ ಇಟ್ಟುಕೊಂಡು! ಹೊಲಿಗೆಯವರು ನೋಡಲೇಬೇಕಾದ ಪೇಟೆ ಅದು. ಲೇಸು, ಫಾಲು, ಹುಕ್ಕು, ಟಸೆಲ್ಲು, ಎಲ್ಲದಕ್ಕೂ ಒಂದೊಂದು ಸಂದಿ. ನಮ್ಮೂರಲ್ಲಿ ಮೀಟರ್ ಲೆಕ್ಕದಲ್ಲಿ ತರುವ ಲೇಸು ಅಲ್ಲಿ ಇಡೀ ಸುರುಳಿಗೆ ಎಷ್ಟೋ ಕಮ್ಮಿ. ಒಂದೆರಡು ಸುರುಳಿ ಹಿಡಿದುಕೊಂಡೆ, ಅಷ್ಟೇ. ಸೀರೆ ಅಂಗಡಿಯವರು ಕರೆಯುತ್ತಾರೆ, ನೋಡಕ್ಕೆ ದುಡ್ಡಿಲ್ಲ ಬನ್ನಿ ಅಂತಾರೆ. ಆದರೆ ಹಾಸಿದ ಮೇಲೆ ಬರಿಗೈಲಿ ಏಳುವ ಧೈರ್ಯ ನನಗಿಲ್ಲ. ಅದಕ್ಕೆ ಮೆಟ್ಟಿಲು ಹತ್ತಲೇ ಇಲ್ಲ.

ಸಂಜೆ ಪೂರ್ತಿ ತಿನ್ನುವ ಕೆಲಸ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿನ ತನಕ ನಡೆದೆವು. ವಿದ್ಯಾರ್ಥಿ ಭವನ ಹೋಟೆಲು 1943ರಿಂದ ಅಲ್ಲೇ ಇದೆ. ಶುಕ್ರವಾರ ರಜೆ, ಶನಿವಾರ ಭಾನುವಾರ ಉದ್ದ ಸಾಲು. ವಾರದ ನಡುವೆ ನಾಲ್ಕು ಗಂಟೆಗೆ ಹೋದ ನಮಗೆ ಹತ್ತು ನಿಮಿಷದಲ್ಲಿ ಜಾಗ ಸಿಕ್ಕಿತು. ಕೈಮೇಲೆ ತಟ್ಟೆಗಳ ಗೋಪುರ ಮಾಡಿಕೊಂಡು ಬರುವ ಮಾಣಿಯನ್ನು ನೋಡಿಯೇ ಅರ್ಧ ಹೊಟ್ಟೆ ತುಂಬಿತು. ದೋಸೆ ಕೆಂಪಗೆ, ದಪ್ಪ, ಅಂಚು ಗರಿಗರಿ. ಚೆನ್ನಾಗಿದೆ. ಆದರೆ ಬೆಣ್ಣೆ ದೋಸೆ ಸೀಮೆಯವರ ಬಾಯಿಂದ ಅದಕ್ಕಿಂತ ಹೆಚ್ಚು ಹೊಗಳಿಕೆ ನಿರೀಕ್ಷೆ ಮಾಡಬೇಡಿ. (ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡು. ಅದನ್ನು ತಿನ್ನಲು ನಾವು ಇಷ್ಟು ದೂರ ಬರಬೇಕಾ?)

ಕತ್ತಲಾದ ಮೇಲೆ ವಿ.ವಿ. ಪುರದ ತಿಂಡಿ ಬೀದಿ, ಸಜ್ಜನರಾವ್ ಸರ್ಕಲ್ ಹತ್ತಿರ. ಇಲ್ಲಿ ನಮ್ಮ ನಿಯಮ, ಯಾವುದೂ ಎರಡು ಪ್ಲೇಟ್ ಇಲ್ಲ. ಒಂದು ಪ್ಲೇಟ್, ಇಬ್ಬರು. ಹೀಗಾದರೆ ಐದಾರು ಬಗೆ ರುಚಿ ನೋಡಬಹುದು, ರಾತ್ರಿ ಊಟವೂ ಅದೇ. ಅಕ್ಕಿರೊಟ್ಟಿ, ಪಡ್ಡು, ಬಿಸಿ ಹೋಳಿಗೆ, ಕೊನೆಗೆ ಬೆಣ್ಣೆ ಹಾಕಿದ ಗುಲ್ಕನ್. ನಿಂತುಕೊಂಡೇ ತಿನ್ನಬೇಕು, ಕೂರುವ ಜಾಗ ಕಮ್ಮಿ. ಮೊಣಕಾಲು ನೋವಿನ ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಇದನ್ನು ನೆನಪಿಡಿ.

ಮರುದಿನ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್. ವಾಕಿಂಗ್ ಜನರ ಜೊತೆ ಟಿಕೆಟ್ಟಿಲ್ಲದೆ ಒಳಗೆ ಹೋದೆವು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ, ಈಗ 240 ಎಕರೆ. ಆಗಸ್ಟ್ 15, ಜನವರಿ 26ರ ಸುಮಾರಿಗೆ ಹೂವಿನ ಪ್ರದರ್ಶನ ಇರುತ್ತದೆ. ಆಗ ಗಾಜಿನ ಮನೆ ತುಂಬ ಹೂವು, ಅದರ ಹತ್ತರಷ್ಟು ತಲೆಗಳು. ಬರೀ ಮರ, ಕೆರೆ, ಹಕ್ಕಿ ಸಾಕು ಅನ್ನುವವರು ಬೇರೆ ದಿನ ಹೋಗಿ. ಕೆಂಪೇಗೌಡರ ಗೋಪುರ ಇರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಬೋರ್ಡಿನಲ್ಲಿದೆ. "ಬಂಡೆ ನೋಡಕ್ಕೆ ದುರ್ಗದವರು ಇಲ್ಲಿಗೆ ಬಂದ್ವಾ" ಎಂದು ನಗುತ್ತಲೇ ಹತ್ತಿದೆವು. ಹತ್ತಿದ ಮೇಲೆ ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಮುಂದೆ ಏನು ಮಾಡಬೇಕು ಅಂತ ಅವಳೇ ಮಾತು ತೆಗೆದಳು. ಎಂ.ಕಾಂ. ಬೇಡವಂತೆ, ಕೆಲಸಕ್ಕೆ ಸೇರಬೇಕಂತೆ, ಇದೇ ಊರಲ್ಲಿ. ಮನೆಯಲ್ಲಿ ಮಿಷನ್ ಸದ್ದಿನ ನಡುವೆ ಈ ಮಾತು ಒಂದು ದಿನವೂ ಬಂದಿರಲಿಲ್ಲ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇಲ್ಲಿ ಪಿ.ಜಿ.ಯಲ್ಲಿ ಉಳಿಯಲು ಎಷ್ಟು ಕೊಡಬೇಕು ಅಂತ ಕೇಳಿದೆ. ಅದರ ಲೆಕ್ಕವೂ ಅವಳ ಹತ್ತಿರ ಇತ್ತು!

ತಿಂಡಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇರುವ ಪುಟ್ಟ ಅಂಗಡಿ. ಇಡ್ಲಿ, ವಡೆ, ಬೇಕಾದಷ್ಟು ಚಟ್ನಿ. ಸಾಂಬಾರ್ ಕೊಡುವುದೇ ಇಲ್ಲ. ಇಡೀ ತಿರುಗಾಟದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಖುಷಿಯಾದದ್ದು ಇಲ್ಲೇ.

ರೂಮು ಖಾಲಿ ಮಾಡಿ, ಚೀಲವನ್ನು ಬೆನ್ನಿಗೇ ಹಾಕಿಕೊಂಡು ಕಬ್ಬನ್ ಪಾರ್ಕಿಗೆ ಹೋದೆವು. ಇಬ್ಬರಿಗೂ ಒಂದೊಂದೇ ಬ್ಯಾಗು, ಒಂದು ಜೊತೆ ಬಟ್ಟೆ. ಹೀಗಿದ್ದರೆ ಮಾತ್ರ ಇದು ಸಾಧ್ಯ. ಪಾರ್ಕಿನ ಮರದ ಕೆಳಗೆ ಕೂರಲು ದುಡ್ಡಿಲ್ಲ. ಕೆಂಪು ಬಣ್ಣದ ಗ್ರಂಥಾಲಯ, ಹೈಕೋರ್ಟು, ಎದುರಿಗೆ ವಿಧಾನಸೌಧ, ಎಲ್ಲ ನಡೆಯುವ ದೂರ. "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಅಕ್ಷರದ ಕೆಳಗೆ ಮಗಳು ನನ್ನ ಫೋಟೊ ತೆಗೆದಳು. ಅಲ್ಲಿಂದ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗೆ ಹೋದದ್ದು ಅವಳ ಅರ್ಧ ಗಂಟೆ. ಗಡಿಯಾರ ಈಗ ನನ್ನ ಕೈಯಲ್ಲಿತ್ತು. ಒಂದೂವರೆ ಗಂಟೆ ಆಯಿತು, ನಾನೇನೂ ಅನ್ನಲಿಲ್ಲ.

ಮನೆಗೆ ಬಂದು ಹಾಕಿದ ಲೆಕ್ಕ ಹೀಗಿದೆ. ರೂಮು 1500, ಮೆಟ್ರೊ 340, ತಿಂಡಿ, ಊಟ, ಕಾಫಿ 1300, ಟಿಕೆಟ್ಟುಗಳು 110, ಲೇಸು ಮತ್ತು ಪುಸ್ತಕ 650. ಒಟ್ಟು 3900. ಬಸ್ಸು ಸೊನ್ನೆ. ಶಕ್ತಿ ಇಲ್ಲದವರು, ಅಂದರೆ ಗಂಡಸರು, ಹೊರರಾಜ್ಯದವರು, ಬಸ್ ಚಾರ್ಜು ಸೇರಿಸಿಕೊಳ್ಳಬೇಕು.

ವಾಪಸ್ ಬರುವಾಗ ದಾಸರಹಳ್ಳಿ ಉಪಾಯ ಮಾಡಬೇಡಿ. ಅಲ್ಲಿಗೆ ಬರುವ ಹೊತ್ತಿಗೆ ಕೆಂಪು ಬಸ್ಸುಗಳು ತುಂಬಿರುತ್ತವೆ, ದುರ್ಗದ ತನಕ ನಿಂತೇ ಬರಬೇಕು. ಮೆಜೆಸ್ಟಿಕ್‌ಗೇ ಹೋಗಿ, ಆಫೀಸು ಬಿಡುವ ಮೊದಲು, ನಾಲ್ಕರ ಒಳಗೆ ಹತ್ತಿ. ದಾವಣಗೆರೆ, ಹುಬ್ಬಳ್ಳಿ ಬೋರ್ಡಿನ ಬಸ್ಸಾದರೆ ದುರ್ಗದ ಒಳಗೆ ಬರುತ್ತದಾ, ಬೈಪಾಸಿನಲ್ಲಿ ಇಳಿಸುತ್ತದಾ ಅಂತ ಹತ್ತುವ ಮೊದಲೇ ಕೇಳಿ. ಬೈಪಾಸಿನಲ್ಲಿ ಇಳಿಸಿದರೆ ರಾತ್ರಿ ಮನೆ ತನಕ ಆಟೊಗೆ ಕೇಳುವ ದುಡ್ಡು ನಮ್ಮ ಮೆಟ್ರೊ ಲೆಕ್ಕವನ್ನೇ ಮೀರಿಸುತ್ತದೆ.