ನಿಲ್ಲಿಸಬೇಕು ಅನ್ನಿಸಿದ ಕಡೆ ನಿಲ್ಲಿಸುವುದು

ಒಬ್ಬರೇ ಕಾರು ಓಡಿಸಿಕೊಂಡು ದೂರ ಹೋಗುವುದರಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ನಾನು ಗಾಡಿ ನಿಲ್ಲಿಸುವ ಸುಖದ ಬಗ್ಗೆ ಹೇಳುತ್ತೇನೆ. ದಾರಿಯ ತಿರುವೊಂದರಲ್ಲಿ ಕೆಳಗಡೆ ನದಿ ಬಳಸಿಕೊಂಡು ಹರಿಯುವುದು ಕಣ್ಣಿಗೆ ಬೀಳುತ್ತದೆ. ಜೊತೆಯಲ್ಲಿ ನಾಲ್ಕು ಜನ ಇದ್ದರೆ ‘ನಿಲ್ಲಿಸೋಣವಾ?’ ಎಂದು ಕೇಳಬೇಕು. ಒಬ್ಬರಿಗೆ ನಿದ್ದೆ, ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಹೊತ್ತಾಯಿತೆಂಬ ಆತಂಕ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಹತ್ತು ಸೆಕೆಂಡು ಮಾತಾಡಿಕೊಳ್ಳುವಷ್ಟರಲ್ಲಿ ನದಿ ಕಾಲು ಕಿಲೋಮೀಟರ್ ಹಿಂದೆ ಹೋಗಿರುತ್ತದೆ, ಆಮೇಲೆ ಯಾರೂ ಗಾಡಿ ತಿರುಗಿಸುವುದಿಲ್ಲ. ಒಬ್ಬರೇ ಇದ್ದರೆ ಕೇಳುವ ಕೆಲಸವೇ ಇಲ್ಲ. ಜಾಗ ನೋಡಿಕೊಂಡು, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಎಂಜಿನ್ ಆಫ್ ಮಾಡಿದರೆ ಮುಗಿಯಿತು. ಅಲ್ಲಿ ಎರಡು ನಿಮಿಷ ಇರಬಹುದು, ಎರಡು ಗಂಟೆಯೂ ಇರಬಹುದು.

ಈ ಸ್ವಾತಂತ್ರ್ಯ ತಾನಾಗಿಯೇ ಸಿಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದಕ್ಕೆ ಮೊದಲೇ ಜಾಗ ಮಾಡಿಡಬೇಕು. ಸಂಜೆಯೊಳಗೆ ಇಂಥ ಕಡೆ ತಲುಪಲೇಬೇಕು ಎಂದು 600 ಕಿಲೋಮೀಟರ್ ಲೆಕ್ಕ ಹಾಕಿಕೊಂಡು ಹೊರಟರೆ ಪಕ್ಕದ ಸೀಟು ಖಾಲಿಯಿದ್ದರೂ ಗಡಿಯಾರ ಬಂದು ಕೂತಿರುತ್ತದೆ. ಹಾಗಾಗಿ ಮ್ಯಾಪ್ ಐದು ಗಂಟೆ ಎಂದು ತೋರಿಸುವ ದಾರಿಗಿಂತ ಉದ್ದದ್ದನ್ನು ಒಂದು ದಿನಕ್ಕೆ ಇಟ್ಟುಕೊಳ್ಳುವುದಿಲ್ಲ. ಆ ಐದು ಗಂಟೆ ನನ್ನ ಕೈಯಲ್ಲಿ ಎಂಟೋ ಒಂಬತ್ತೋ ಆಗುತ್ತದೆ, ಆಗಲಿ ಎಂದೇ ಹೊರಡುತ್ತೇನೆ. ಮೊದಲ ರಾತ್ರಿಯ ಕೋಣೆಯನ್ನು ಮಾತ್ರ ಮುಂಚೆ ಕಾದಿರಿಸುತ್ತೇನೆ. ಉಳಿದ ರಾತ್ರಿಗಳ ತೀರ್ಮಾನ ಆಯಾ ದಿನದ ಮಧ್ಯಾಹ್ನ. ಆ ಹೊತ್ತಿಗೆ ಎಷ್ಟು ದಣಿದಿದ್ದೇನೆ, ದಾರಿ ಹೇಗಿದೆ, ಮಳೆ ಎಲ್ಲಿ ಕಟ್ಟಿಕೊಂಡಿದೆ ಎಲ್ಲ ಗೊತ್ತಾಗಿರುತ್ತದೆ. ಜನ ಕಿಕ್ಕಿರಿಯುವ ರಜೆಯ ದಿನಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ, ಆಗ ಕೋಣೆಗಳನ್ನೆಲ್ಲ ಮೊದಲೇ ಹಿಡಿದಿಟ್ಟುಕೊಳ್ಳಲೇಬೇಕು.

ದಾರಿ ಆರಿಸುವಾಗ ನಾನು ಸೂರ್ಯನನ್ನೂ ನೋಡುತ್ತೇನೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಓಡಿಸಿದರೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಗಾಜಿನ ಮೇಲಿನ ಧೂಳೆಲ್ಲ ಬೆಳಗಿ ಎದುರಿನ ರಸ್ತೆಯೇ ಅಳಿಸಿಹೋಗುತ್ತದೆ. ಇದನ್ನು ತಿರುವುಮುರುವು ಮಾಡಿ, ಬೆಳಿಗ್ಗೆ ಪಶ್ಚಿಮಕ್ಕೆ ಹೊರಟರೆ ಬೆಳಕು ಬೆನ್ನ ಹಿಂದಿನಿಂದ ಬಂದು ಮುಂದಿನ ಗುಡ್ಡ, ಗದ್ದೆಗಳ ಮೇಲೆ ಬೀಳುತ್ತದೆ. ಅದೇ ದಾರಿ, ಅದೇ ದೂರ, ಆದರೆ ಕಾಣುವುದೇ ಬೇರೆ. ಸುತ್ತು ಹಾಕಿ ಬರುವ ಪ್ರವಾಸವಾದರೆ ಯಾವ ಕಡೆಯಿಂದ ಸುತ್ತಬೇಕು ಎಂದು ನಾನು ತೀರ್ಮಾನಿಸುವುದು ಇದರಿಂದಲೇ.

ಗೊತ್ತುಗುರಿಯನ್ನು ಇನ್ನೂ ಸಡಿಲ ಬಿಟ್ಟವರೂ ಇದ್ದರು. 1930ರ ದಶಕದಲ್ಲಿ ಅಮೆರಿಕದ ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಎಂಬ ಕಪ್ಪು ಮಹಿಳೆ ಮೋಟಾರ್‌ಸೈಕಲ್ ಹತ್ತಿ ಒಬ್ಬರೇ ದೇಶ ಸುತ್ತಿದರು. ಭೂಪಟದ ಮೇಲೆ ನಾಣ್ಯ ಎಸೆದು, ಅದು ಬಿದ್ದ ಊರಿಗೆ ಹೊರಡುತ್ತಿದ್ದರಂತೆ. ಕಪ್ಪು ಜನರಿಗೆ ಕೋಣೆ ಕೊಡದ ಊರುಗಳಲ್ಲಿ ಪೆಟ್ರೋಲ್ ಬಂಕಿನಲ್ಲಿ ಬೈಕಿನ ಮೇಲೆಯೇ ಮಲಗುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದರು. 2002ರಲ್ಲಿ ಅಲ್ಲಿನ ಮೋಟಾರ್‌ಸೈಕಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ನಾಣ್ಯದ ಕತೆಯನ್ನು ಎಲ್ಲರೂ ಖುಷಿಯಿಂದ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ರಾತ್ರಿಗಳು. ಬೇಕೆಂದ ಕಡೆ ನಿಲ್ಲಿಸುವ ಹಕ್ಕು ಎಲ್ಲರಿಗೂ ಸಮವಾಗಿ ಸಿಕ್ಕಿದ್ದಲ್ಲ, ಇವತ್ತಿಗೂ ಸಿಕ್ಕಿಲ್ಲ. ಅದು ಇರುವವರು ಬಳಸದೆ ಬಿಟ್ಟರೆ ನನಗೆ ಬೇಸರವಾಗುತ್ತದೆ.

ಇನ್ನು ನಿದ್ದೆಯ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಒಬ್ಬರೇ ಹೋಗುವಾಗ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಜೊತೆಯಲ್ಲಿ ಯಾರಾದರೂ ಇದ್ದರೆ ನಿಮ್ಮ ರೆಪ್ಪೆ ಭಾರವಾಗುವುದನ್ನು ಅವರು ನೋಡುತ್ತಾರೆ. ಒಬ್ಬರೇ ಇದ್ದಾಗ ನೋಡುವವರು ಯಾರು? ದಣಿದ ಮೆದುಳು ಕಣ್ಣು ತೆರೆದಿರುವಾಗಲೇ ಕೆಲವು ಸೆಕೆಂಡು ನಿದ್ದೆಗೆ ಜಾರಬಲ್ಲದು. ನಾಲ್ಕು ಸೆಕೆಂಡು ಜಾರಿದರೆ, ಮೇಲೆ ಹೇಳಿದ ವೇಗದಲ್ಲಿ ನೂರು ಮೀಟರ್ ದೂರ ಗಾಡಿಯನ್ನು ಯಾರೂ ಓಡಿಸುತ್ತಿರುವುದಿಲ್ಲ. ನಾನು ಗಮನಿಸುವ ಲಕ್ಷಣ ಒಂದೇ: ಈಗಷ್ಟೇ ದಾಟಿದ ಫಲಕದಲ್ಲಿ ಏನಿತ್ತು? ನೆನಪಾಗದಿದ್ದರೆ ಮುಂದಿನ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲುತ್ತದೆ, ಅದರಲ್ಲಿ ಎರಡನೇ ಮಾತಿಲ್ಲ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಇದಕ್ಕೆ ಮದ್ದಲ್ಲ. ನಿದ್ದೆಗೆ ನಿದ್ದೆಯೇ ಮದ್ದು. ಕಾಫಿ ಕುಡಿದು ತಕ್ಷಣ ಸೀಟು ಹಿಂದಕ್ಕೆ ಬಾಗಿಸಿ, ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಟ್ಟು ಮಲಗುತ್ತೇನೆ. ಕಾಫಿಯ ಕೆಫೀನ್ ಕೆಲಸ ಶುರು ಮಾಡಲು ಸುಮಾರು ಅಷ್ಟೇ ಹೊತ್ತು ಬೇಕು, ಎದ್ದಾಗ ಎರಡರ ಫಲವೂ ಒಟ್ಟಿಗೆ ಸಿಗುತ್ತದೆ. ಎದ್ದ ಕೂಡಲೇ ಸ್ಟೀರಿಂಗ್ ಹಿಡಿಯದೆ ನಾಲ್ಕು ಹೆಜ್ಜೆ ನಡೆದು ಬರುವುದು ಒಳ್ಳೆಯದು.

ದೇಹದ ಗಡಿಯಾರದಲ್ಲೇ ಎರಡು ಇಳಿತಗಳಿವೆ: ನಡುರಾತ್ರಿ ಕಳೆದು ನಸುಕಿನವರೆಗೆ ಒಂದು, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇನ್ನೊಂದು. ರಾತ್ರಿ ನಾನು ಓಡಿಸುವುದೇ ಇಲ್ಲ. ಮಧ್ಯಾಹ್ನದ ಹೊತ್ತನ್ನು ನಿಲ್ಲಿಸುವುದಕ್ಕೆಂದೇ ಮೀಸಲಿಟ್ಟಿದ್ದೇನೆ. ನೆರಳು ಹುಡುಕಿ, ಪುಸ್ತಕ ತೆಗೆದು ಕೂರುತ್ತೇನೆ. ಸುರಕ್ಷತೆಗೆಂದು ಶುರು ಮಾಡಿದ ಈ ಅಭ್ಯಾಸ ಈಗ ದಿನದಲ್ಲೇ ನನಗೆ ಅತಿ ಇಷ್ಟದ ಹೊತ್ತಾಗಿದೆ. ಯಾರಿಗೂ ಕಾಯಬೇಕಿಲ್ಲ, ಯಾರೂ ನನಗಾಗಿ ಕಾಯುತ್ತಿಲ್ಲ.

ಗಾಡಿಯ ತಯಾರಿ ದೊಡ್ಡ ವಿದ್ಯೆಯೇನಲ್ಲ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ಮರೆಯದೆ ನೋಡಬೇಕು, ಅದು ಬೇಕಾಗುವ ದಿನ ಅದರಲ್ಲಿ ಗಾಳಿ ಇರದಿದ್ದರೆ ಇದ್ದೂ ಪ್ರಯೋಜನವಿಲ್ಲ. ಹೊರಡುವ ಮೊದಲು ಮನೆಯ ಮುಂದೆಯೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ನಟ್ಟುಗಳನ್ನು ಜ್ಯಾಕ್ ಏರಿಸುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು ಎಂಬುದು ಕೈಯಿಂದ ಮಾಡಿದರೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿಕೊಳ್ಳುತ್ತೇನೆ. ಘಟ್ಟ ಇಳಿಯುವಾಗ ಗೇರ್ ಇಳಿಸಿ ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡುತ್ತೇನೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಫೋನಿನ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ. ಜಿಪಿಎಸ್ ಉಪಗ್ರಹಗಳಿಂದ ನೇರವಾಗಿ ಸಂಕೇತ ಪಡೆಯುತ್ತದೆ, ಹಾಗಾಗಿ ನೆಟ್‌ವರ್ಕ್ ಇಲ್ಲದ ಕಾಡಿನಲ್ಲೂ ನಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ನಾನೆಲ್ಲಿದ್ದೇನೆ ಎಂಬುದು ಅಕ್ಕನಿಗೂ ಗೊತ್ತಿರುತ್ತದೆ. ಸಂಜೆ ತಲುಪಿದ ಮೇಲೆ ಅವಳಿಗೊಂದು ಸಂದೇಶ. ಇಂತಿಷ್ಟು ಹೊತ್ತು ಮೀರಿದರೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೇವೆ. ‘ನೀನು ಎಲ್ಲಿಗಾದರೂ ಹೋಗು, ಆದರೆ ಸಂಜೆ ಸುದ್ದಿ ಕೊಡು’ ಎಂಬುದು ಅವಳ ಷರತ್ತು. ಆ ಒಂದು ಸಂದೇಶದಿಂದ ಉಳಿದ ದಿನವೆಲ್ಲ ನನ್ನದಾಗುತ್ತದೆ.

ಒಂಟಿತನ ಕಾಡುವುದಿಲ್ಲವೇ ಎಂದರೆ, ಕಾಡುತ್ತದೆ. ಹಗಲಿನಲ್ಲಿ ಅಲ್ಲ, ಹೆಚ್ಚಾಗಿ ಸಂಜೆ. ಹೊಸ ಊರಿನಲ್ಲಿ ದೀಪ ಹತ್ತುವ ಹೊತ್ತಿಗೆ ಎಲ್ಲರೂ ಯಾರಾದರೊಬ್ಬರ ಜೊತೆ ಕಾಣುತ್ತಾರೆ. ಆಗ ಕೋಣೆ ಸೇರಿ ಫೋನ್ ನೋಡುತ್ತ ಕೂತರೆ ಇನ್ನೂ ಭಾರವಾಗುತ್ತದೆ. ಹೊರಗೆ ಹೋಗಿ, ನಾಳೆ ಯಾವ ದಾರಿ ಚೆನ್ನಾಗಿದೆ ಎಂದು ಅಲ್ಲಿಯವರನ್ನು ಕೇಳುತ್ತೇನೆ. ಒಬ್ಬರೇ ಬಂದವರ ಜೊತೆ ಜನ ಸಲೀಸಾಗಿ ಮಾತಿಗಿಳಿಯುತ್ತಾರೆ. ಗುಂಪಿನಲ್ಲಿ ಹೋದಾಗ ನಾವು ನಮ್ಮೊಳಗೇ ಮಾತಾಡಿಕೊಂಡು ಬಂದುಬಿಡುತ್ತೇವೆ. ಮ್ಯಾಪಿನಲ್ಲಿ ನಾನು ಗಮನಿಸದೇ ಬಿಡುತ್ತಿದ್ದ ಎಷ್ಟೋ ಅಡ್ಡದಾರಿಗಳು ನನಗೆ ಸಿಕ್ಕಿದ್ದು ಇಂಥ ಮಾತುಗಳಿಂದ. ಹಾಗೆಂದು ಒಬ್ಬರೇ ಬಂದಿದ್ದೇನೆ, ಇಂಥ ಕಡೆ ಉಳಿದಿದ್ದೇನೆ ಎಂದು ಎಲ್ಲರಿಗೂ ಹೇಳುವುದಿಲ್ಲ. ಎದುರಿನವರನ್ನು ನೋಡಿ ಹೇಳುತ್ತೇನೆ.

ಬೆಳಗಿನ ಮೊದಲ ಗಂಟೆ ನಾನು ಹಾಡು ಹಾಕುವುದಿಲ್ಲ. ಟೈರಿನ ಸದ್ದು ಡಾಂಬರಿನ ಮೇಲೆ ಒಂದು ಬಗೆ, ಕಾಂಕ್ರೀಟಿನ ಮೇಲೆ ಇನ್ನೊಂದು ಬಗೆ. ಅದನ್ನೇ ಕೇಳುತ್ತ ಹೋದರೆ ತಲೆಯೊಳಗೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ವಿಷಯವೊಂದು ತಾನಾಗಿ ಬಿಡಿಸಿಕೊಳ್ಳುವುದುಂಟು. ಹೊಳೆದದ್ದನ್ನು ಮುಂದಿನ ನಿಲುಗಡೆಯಲ್ಲಿ ಬರೆದುಕೊಳ್ಳುತ್ತೇನೆ, ಓಡಿಸುವಾಗ ಫೋನ್ ಮುಟ್ಟುವುದಿಲ್ಲ.

ಮೊದಲ ಸಲ ಹೊರಡುವವರು ಒಂದೇ ರಾತ್ರಿಯ ಪ್ರವಾಸ ಇಟ್ಟುಕೊಳ್ಳಿ. ಎರಡು ಮೂರು ಗಂಟೆಯ ದೂರ ಸಾಕು. ಹೋಗುವ ದಾರಿಯೊಂದು, ಬರುವ ದಾರಿ ಇನ್ನೊಂದು ಇರಲಿ. ಇಷ್ಟವಾಗದಿದ್ದರೆ ಅರ್ಧದಲ್ಲೇ ಗಾಡಿ ತಿರುಗಿಸಿ, ನೀವು ಯಾರಿಗೂ ಕಾರಣ ಹೇಳಬೇಕಿಲ್ಲ. ಇಷ್ಟವಾದರೆ ಮರುದಿನ ಬೇಗ ಎದ್ದು ಹೊರಡಿ, ವಾಪಸ್ ಬರುವ ದಾರಿಯಲ್ಲಿ ನಿಲ್ಲಿಸುವುದಕ್ಕೆ ಇಡೀ ದಿನ ಸಿಗುತ್ತದೆ.