ಮೊದಲ ತಿಂಗಳು ಒಂದು ಗುಂಡೂ ಹಾರಲಿಲ್ಲ

ನಮ್ಮದು ಕೊಡಗಿನ ಕಾಫಿ ತೋಟದ ಮನೆ, ಜಮ್ಮಾ ಹಿಡುವಳಿ, ಅಂದರೆ ತಲೆತಲಾಂತರದಿಂದ ಬಂದ ಜಮೀನು. ಮಾವನ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಒಂದು ಜೋಡಿ ನಳಿಗೆಯ ತೋಟಾ ಕೋವಿ, ಅಂದರೆ ಕಾಡತೂಸು ಹಾಕುವ ಕೋವಿ, ಇದೆ. ಅದರ ಪಕ್ಕ ಅವರ ಅಪ್ಪನ ಕಾಲದ ಕೇಪಿನ ಕೋವಿ. ಅದು ಹಾರಿ ಎಷ್ಟೋ ವರ್ಷ ಆಯ್ತು. ಆದರೂ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಅದಕ್ಕೂ ಎಣ್ಣೆ, ಗಂಧ, ತೋಕ್ ಪೂ. ತೋಕ್ ಪೂ ಅಂದರೆ ಕೋವಿ ಹೂ. ಬಯಲುಸೀಮೆಯವರು ಇದನ್ನೇ ಗೌರಿ ಹೂ ಅನ್ನುತ್ತಾರೆ.

ಇಂಥ ಮನೆಯಲ್ಲಿ ಮಗುವಿಗೆ 'ಕೋವಿ ಮುಟ್ಟಬೇಡ' ಅಂತ ಹೇಳಿ ಸುಮ್ಮನಾಗೋಕೆ ಆಗಲ್ಲ. ಮಗು ಹುಟ್ಟಿದರೆ ಗುಂಡು, ಯಾರಾದರೂ ತೀರಿಕೊಂಡರೆ ಗುಂಡು. ನನ್ನ ಮಗಳು ಹುಟ್ಟಿದ್ದೇ ಆ ಸದ್ದಿನ ನಡುವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯ್ತಿ ಇದೆ, 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ಅಷ್ಟು ನಂಬಿಕೆ ಇಟ್ಟು ಕೊಟ್ಟದ್ದನ್ನು ಮನೆಯವರೇ ಅಸಡ್ಡೆಯಿಂದ ನೋಡಿದರೆ ಹೇಗೆ ಅಂತ ನನಗೆ ಮೊದಲಿನಿಂದಲೂ ಇತ್ತು.

2024ರ ಜುಲೈ ಕೊನೆ. ಹೊರಗೆ ಮಳೆ, ಒಳಗೆ ಟೀವಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಎರಡೇ ದಿನಕ್ಕೆ ಮಿಕ್ಸೆಡ್ ಟೀಮಿನಲ್ಲಿ ಇನ್ನೊಂದು. ಒಂಬತ್ತು ವರ್ಷದ ಮಗಳು ಅಜ್ಜನ ಪಕ್ಕ ಕೂತು ಎರಡನ್ನೂ ನೋಡಿದಳು. "ಅವ್ವ, ನಂಗೂ ಕಲಿಸು" ಅಂದಳು. ಅಜ್ಜನಿಗೆ ಖುಷಿಯೋ ಖುಷಿ. "ನಾಳೆಯೇ ಶುರು ಮಾಡುವ ಗೂಡೆ" ಅಂದುಬಿಟ್ಟರು. ಗೂಡೆ ಅಂದರೆ ಹುಡುಗಿ.

ನಾನು ಬೇಡ ಅಂದೆ. ಕಲಿಸೋದಕ್ಕೆ ಬೇಡ ಅಂದದ್ದಲ್ಲ, ನಾಳೆಯೇ ಅನ್ನೋದಕ್ಕೆ. ಅದಕ್ಕೆ ಕಾರಣ ಇದೆ. ನನಗೆ ಹನ್ನೆರಡು ವರ್ಷ ಇದ್ದಾಗ ತವರುಮನೆಯಲ್ಲಿ ಒಂದು ಏರ್ ಗನ್ ಇತ್ತು. ಖಾಲಿ ಇದೆ ಅಂದುಕೊಂಡು ಅಂಗಳದಿಂದ ಬಚ್ಚಲುಮನೆ ಕಡೆ ಹಿಡಿದು ಟ್ರಿಗರ್ ಎಳೆದೆ. ಠಣ್ ಅಂತ ತಗಡಿಗೆ ಬಡಿಯಿತು. ತಗಡಿನ ಆಚೆ ಅಣ್ಣ ಹಲ್ಲುಜ್ಜುತ್ತಾ ನಿಂತಿದ್ದ. ತಗಡು ತಗ್ಗಾಯಿತೇ ಹೊರತು ತೂತಾಗಲಿಲ್ಲ. ಒಂದು ಮೊಳ ಆಚೆ ಹೋಗಿದ್ದರೆ ತೆರೆದ ಬಾಗಿಲು. ಮಗಳಿಗೆ ಮೊದಲು ಹೇಳಿದ್ದೇ ಈ ಕಥೆ, ಏನೂ ಮುಚ್ಚಿಡದೆ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಪೂಜೆ ಮುಗಿದ ಮೇಲೆ ಶುರು ಮಾಡಿದೆವು. ಅದೂ ಕೋವಿಯಿಂದ ಅಲ್ಲ. ಊರಿನ ಆಚಾರಿಯವರು ಹಲಸಿನ ಹಲಗೆಯಲ್ಲಿ ಕೋವಿ ಆಕಾರದ್ದೊಂದು ಕೊಯ್ದು ಕೊಟ್ಟರು. ಒಂದು ತಿಂಗಳು ಇದನ್ನೇ ನಿಜವಾದ ಕೋವಿ ಅಂತ ಹಿಡಿಯಬೇಕು. ನಿಯಮ ನಾಲ್ಕೇ. ಪ್ರತಿ ಕೋವಿಯೂ ತುಂಬಿದೆ ಅಂತಲೇ ತಿಳ್ಕೋ. ಹೊಡೆಯಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು. ಗುರಿ ಕೂತ ಮೇಲೆಯೇ ಬೆರಳು ಟ್ರಿಗರಿಗೆ. ಗುರಿಯ ಹಿಂದೆ ಏನಿದೆ ಅಂತ ನೋಡದೆ ಹೊಡೆಯಬೇಡ.

ಇದನ್ನು ಬಾಯಿಪಾಠ ಮಾಡಿಸೋದು ಸುಲಭ. ಮೈಗೆ ಹತ್ತಿಸೋದು ಬೇರೆ ವಿಷಯ. ಅದಕ್ಕೆ ಮನೆಯಲ್ಲೊಂದು ಆಟ ಮಾಡಿದೆವು. ಹಲಗೆ ಕೋವಿ ಹಿಡಿದವರು ಜಗುಲಿಯಿಂದ ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಬೇಕು. ದಾರಿಯಲ್ಲಿ ನಳಿಗೆಯ ಬಾಯಿ ಯಾರ ಮೇಲೆ ಹಾದರೂ ಅವರು "ಬಾಯಿ ಎಲ್ಲಿ?" ಅಂತ ಕೂಗಬೇಕು. ನಾಯಿ, ಬೆಕ್ಕು ಕೂಡ ಲೆಕ್ಕಕ್ಕೆ. ಕೂಗಿಸಿಕೊಂಡವರು ವಾಪಸ್ ಜಗುಲಿಗೆ. ಮೊದಲ ವಾರ ಮಗಳು ಎಂಟೋ ಹತ್ತೋ ಸಲ ಸಿಕ್ಕಿಬಿದ್ದಳು. ಮೂರನೇ ವಾರಕ್ಕೆ ಅವಳು ಸಿಗೋದೇ ನಿಂತುಹೋಯ್ತು. ಜಾಸ್ತಿ ಸಿಕ್ಕಿಬಿದ್ದವರು ಅಜ್ಜ. ಅರವತ್ತು ವರ್ಷ ಕೋವಿ ಹಿಡಿದ ಕೈ, ಬಾಗಿಲು ದಾಟುವಾಗ ಅಡ್ಡ ಹಿಡಿಯೋದು ರೂಢಿ. ಮೊದಮೊದಲು ನಗುತ್ತಿದ್ದರು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಆದರೆ ಮೊಮ್ಮಗಳು ಬಿಡಬೇಕಲ್ಲ.

ದೀಪಾವಳಿಗೆ ನೆಂಟರ ಮಕ್ಕಳು ಕೇಪಿನ ಪಿಸ್ತೂಲ್ ತಂದು ಮುಖಮುಖಕ್ಕೆ ಹಿಡಿದು ಆಡಿದರು. ಇವಳು ಕಂಗಾಲಾಗಿ ನನ್ನ ಮುಖ ನೋಡಿದಳು. ನೆಲದ ಮೇಲಿಟ್ಟು ಬೇಕಾದಷ್ಟು ಪಟಾಕಿ ಹೊಡಿ, ಮನುಷ್ಯರ ಕಡೆ ಆಟದ್ದೂ ಬೇಡ ಅಂದೆ. ನೆಂಟರು ನನ್ನನ್ನು ಅತಿ ಅಂದುಕೊಂಡಿರಬಹುದು. ಅಂದುಕೊಳ್ಳಲಿ.

ಏರ್ ರೈಫಲ್ ಮೈಸೂರಿನಿಂದ ತಂದದ್ದು. 0.177 ಇಂಚು, ಅಂದರೆ 4.5 ಮಿ.ಮೀ. ಬೋರು. ಶಕ್ತಿ 20 ಜೂಲ್ ಮೀರದಿದ್ದರೆ ಇದಕ್ಕೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದಕೂಡಲೇ ಜನ ಆಟಿಕೆ ಅಂದುಕೊಳ್ಳುತ್ತಾರೆ. ಹತ್ತಿರದಿಂದ ಬಿದ್ದರೆ ಕಣ್ಣು ಹೋಗುತ್ತೆ, ಚರ್ಮ ಒಡೆದು ಒಳಗೂ ಹೋಗುತ್ತೆ. ಅಂಗಡಿಯಲ್ಲಿ ಮೊದಲು ನೋಡಿದ್ದು ಅಳತೆ. ರೈಫಲಿನ ಹಿಂಭಾಗ ಮೊಣಕೈ ಮಡಚಿನಲ್ಲಿಟ್ಟರೆ ತೋರುಬೆರಳು ಆರಾಮಾಗಿ ಟ್ರಿಗರ್ ಮುಟ್ಟಬೇಕು. ದೊಡ್ಡವರ ರೈಫಲ್ ಮಗುವಿಗೆ ಕೊಟ್ಟರೆ ಅದು ಸೊಂಟ ಹಿಂದಕ್ಕೆ ಬಾಗಿಸಿ, ಕತ್ತು ಉದ್ದ ಮಾಡಿ ಹೇಗೋ ಹಿಡಿಯುತ್ತೆ. ಆ ಕೆಟ್ಟ ಅಭ್ಯಾಸ ಆಮೇಲೆ ಬಿಡಿಸೋದು ಕಷ್ಟ.

ನಮ್ಮದು ನಳಿಗೆ ಮುರಿದು, ಅಂದರೆ ಬುಡದಲ್ಲಿ ಕೆಳಕ್ಕೆ ಬಗ್ಗಿಸಿ, ಸ್ಪ್ರಿಂಗ್ ಎಳೆಯುವ ಥರದ್ದು. ಅಷ್ಟು ಬಲ ಅವಳ ಕೈಗಿಲ್ಲ, ಹಾಗಾಗಿ ಎಳೆಯೋದು ನಾನೇ. ಇದು ಒಳ್ಳೆಯದೇ ಆಯ್ತು. ನಾನು ಎಳೆದು ಕೊಡದೆ ಎರಡನೇ ಹೊಡೆತ ಇಲ್ಲ. ಪೆಲೆಟ್, ಅಂದರೆ ಏರ್ ರೈಫಲಿನ ಸಣ್ಣ ಗುಂಡು, ಹಾಕುವಾಗ ಮಾತ್ರ ಒಂದು ಕೈ ನಳಿಗೆಯನ್ನು ಗಟ್ಟಿ ಹಿಡಿದೇ ಇರಬೇಕು. ಕೈತಪ್ಪಿ ಟ್ರಿಗರ್ ಬಿದ್ದರೆ ನಳಿಗೆ ಫಟ್ ಅಂತ ಮುಚ್ಚಿಕೊಳ್ಳುತ್ತೆ, ಬೆರಳು ನಡುವೆ ಇದ್ದರೆ ಮುಗೀತು. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲೂಬಾರದು. ಒಳಗಿನ ಪಿಸ್ಟನ್ನಿನ ಸೀಲು ಹಾಳಾಗುತ್ತೆ.

ಜಾಗದ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಕೊಟ್ಟಿಗೆ ಹಿಂದೆ ಮಣ್ಣಿನ ಬರೆ ಇದೆ, ಆಳೆತ್ತರಕ್ಕಿಂತ ಜಾಸ್ತಿ. ಅದು ಸರಿಯಾದ ಜಾಗವೇ. ಆದರೆ ಗುರಿಯ ಕಾಗದ ಅಂಟಿಸೋಕೆ ಬರೆಗೆ ಒರಗಿಸಿ ಒಂದು ಹಳೇ ಗಟ್ಟಿ ಮರದ ಹಲಗೆ ನಿಲ್ಲಿಸಿದೆ. ಮಗಳು ಬರುವ ಮುಂಚೆ ನಾನೇ ಒಂದು ಹೊಡೆದು ನೋಡಿದೆ. ಪೆಲೆಟ್ ಹಲಗೆಗೆ ಬಡಿದು ವಾಪಸ್ ಬಂದು ನನ್ನ ಮೊಣಕಾಲ ಕೆಳಗೆ ಚುರುಕ್ ಅಂತ ತಾಗಿತು. ಗಾಯ ಆಗಲಿಲ್ಲ, ಕೆಂಪಗಾಯ್ತು ಅಷ್ಟೇ. ಇನ್ನೂ ಸ್ವಲ್ಪ ಮೇಲೆ ಬಂದಿದ್ದರೆ ಅವಳ ಎತ್ತರಕ್ಕೆ ಹೊಟ್ಟೆ, ಎದೆ. ಅವತ್ತು ಹೊಡೆಯೋದು ಅಲ್ಲಿಗೇ ನಿಂತಿತು. ಮಾರನೇ ದಿನ ಮರದ ಪೆಟ್ಟಿಗೆಯೊಂದಕ್ಕೆ ಮರಳು ತುಂಬಿ, ಎದುರುಗಡೆ ರಟ್ಟು ಹೊಡೆದು, ಅದರ ಮೇಲೆ ಕಾಗದ ಅಂಟಿಸಿದೆವು. ಪೆಲೆಟ್ ರಟ್ಟು ತೂರಿ ಮರಳಲ್ಲಿ ಕೂರುತ್ತೆ. ಇಬ್ಬರಿಗೂ ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಕನ್ನಡಕ ಕಡ್ಡಾಯ. ತೋಟದ ಕೆಲಸದವರು ಓಡಾಡುವ ದಾರಿಗೆ ಹಗ್ಗ ಕಟ್ಟಿ ಕೆಂಪು ಬಟ್ಟೆ ನೇತುಹಾಕುತ್ತೇವೆ. ನಾಯಿಯನ್ನು ಕಟ್ಟಿಹಾಕುತ್ತೇವೆ.

ಕಾಗದ ಯಾವುದು ಅನ್ನೋದೂ ಮುಖ್ಯ. ಏರ್ ರೈಫಲ್ ಸ್ಪರ್ಧೆಯ ಕಾರ್ಡಿನಲ್ಲಿ ಹತ್ತಂಕದ ಚುಕ್ಕೆ ಬರೀ ಅರ್ಧ ಮಿ.ಮೀ. ಮಗುವಿಗೆ ಅದನ್ನು ಕೊಟ್ಟರೆ ಅಳಿಸಿದ ಹಾಗೆ. ನಾವು ಪಿಸ್ತೂಲಿನ ಕಾರ್ಡ್ ತಂದೆವು. ಅದರಲ್ಲಿ ಹತ್ತಂಕದ ವೃತ್ತ 11.5 ಮಿ.ಮೀ., ಕಪ್ಪು ಭಾಗ ಸುಮಾರು 6 ಸೆಂ.ಮೀ. ದೂರ ಐದು ಮೀಟರ್. ಕುರ್ಚಿ, ಮೇಜು, ಮೇಜಿನ ಮೇಲೊಂದು ಗಟ್ಟಿ ದಿಂಬು. ಸ್ಪ್ರಿಂಗ್ ರೈಫಲ್ ಹೊಡೆದಾಗ ಹಿಂದಕ್ಕೂ ಮುಂದಕ್ಕೂ ಎಗರುತ್ತೆ. ಗಟ್ಟಿ ಮರದ ಮೇಲಿಟ್ಟರೆ ಗುಂಡು ಎಲ್ಲೆಲ್ಲೋ ಹೋಗುತ್ತೆ. ದಿಂಬಿನ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್, ಬಿಗಿಯಾಗಿ ಹಿಡಿಯದೆ ಸುಮ್ಮನೆ ಕೂರಿಸಬೇಕು.

ಇಷ್ಟೆಲ್ಲ ಮಾಡಿದರೂ ಮೂರು ವಾರ ಅವಳ ಗುಂಡು ಎಡಕ್ಕೇ ಹೋಗುತ್ತಿತ್ತು. ಕೆಲವು ಕಾರ್ಡಿನಿಂದ ಹೊರಗೇ. ಕೆನ್ನೆಯನ್ನು ಮರಕ್ಕೆ ಒತ್ತು ಅಂದರೆ ಒತ್ತುತ್ತಾಳೆ, ಮತ್ತೆ ಕತ್ತು ಬಲಕ್ಕೆ ವಾಲುತ್ತೆ. ನಾನು ತಾಳ್ಮೆ ಕಳೆದುಕೊಂಡೆ. "ಗಮನ ಎಲ್ಲಿದೆ ನಿಂಗೆ?" ಅಂತ ಬೈದೆ. ಅವಳು ಅಳಲಿಲ್ಲ. ರೈಫಲನ್ನು ಮೇಜಿನ ಮೇಲೆ ಸರಿಯಾಗಿ, ಬಾಯಿ ಬರೆಯ ಕಡೆಗೇ ಇರುವ ಹಾಗೆ ಇಟ್ಟು ಒಳಗೆ ಹೋದಳು. ಅದನ್ನು ನೋಡಿ ನನಗೇ ನಾಚಿಕೆ ಆಯ್ತು.

ರಾತ್ರಿ ಹೊಳೆಯಿತು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಗೋಡೆ ಗಡಿಯಾರ ನೋಡು ಅಂದೆ. ಒಂದೊಂದೇ ಕಣ್ಣು ಮುಚ್ಚಿಸಿದೆ. ಎಡಗಣ್ಣು ಮುಚ್ಚಿದ ತಕ್ಷಣ "ಗಡಿಯಾರ ಹೋಯ್ತು" ಅಂದಳು. ಬರೆಯೋದು, ಉಣ್ಣೋದು ಬಲಗೈ. ಆದರೆ ಮುಂದಾಳು ಎಡಗಣ್ಣು. ಪಾಪ, ಬಲಭುಜದ ರೈಫಲನ್ನು ಎಡಗಣ್ಣಿನಿಂದ ನೋಡೋಕೆ ಕತ್ತು ವಾಲಿಸುತ್ತಿದ್ದಳು. ಈ ಪರೀಕ್ಷೆ ಎರಡು ನಿಮಿಷದ್ದು. ಮೊದಲ ದಿನವೇ ಮಾಡಬೇಕಿತ್ತು. ಅವಳ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ, ಇನ್ಮೇಲೆ ಬೈಬೇಡ" ಅಂದಳು.

ಎಡಭುಜಕ್ಕೆ ಬದಲಾಯಿಸಿದೆವು. ಅಜ್ಜನಿಗೆ ಇಷ್ಟ ಆಗಲಿಲ್ಲ. ನಮ್ಮ ಮನೆಯಲ್ಲಿ ಎಡಗಡೆ ಹಿಡಿದವರೇ ಇಲ್ಲ ಅಂದರು. ಒಂದು ವಾರಕ್ಕೆ ಕತ್ತು ನೆಟ್ಟಗಾಯ್ತು, ಅಜ್ಜ ಸುಮ್ಮನಾದರು.

ಅಲ್ಲಿಂದ ಕೆಲಸ ಸಲೀಸು. ನಳಿಗೆ ತುದಿಯ ಕಡ್ಡಿ ಹಿಂದಿನ ಕಚ್ಚಿನ ನಡುವೆ ಕೂರಬೇಕು, ಎರಡೂ ಪಕ್ಕ ಸಮನಾದ ಬೆಳಕು, ಮೇಲ್ತುದಿ ಒಂದೇ ಮಟ್ಟ. ಕಪ್ಪು ವೃತ್ತವನ್ನು ಕಡ್ಡಿಯ ಮೇಲೆ ಲಿಂಬೆಹಣ್ಣಿನ ಹಾಗೆ ಕೂರಿಸು. ಕಣ್ಣು ಮಾತ್ರ ಕಡ್ಡಿಯ ಮೇಲೆ. ಕಡ್ಡಿ ಚೂಪಾಗಿ ಕಾಣಬೇಕು, ವೃತ್ತ ಮಸುಕಾದರೆ ಆಗಲಿ. ಮಕ್ಕಳು ಇದನ್ನು ನಂಬೋದೇ ಇಲ್ಲ. ಹೊಡೆಯೋದು ವೃತ್ತಕ್ಕೆ, ನೋಡೋದು ಕಡ್ಡಿಯನ್ನಾ ಅಂತ ಕೇಳುತ್ತಾರೆ. ವಾದ ಮಾಡಲಿಲ್ಲ. ಐದು ಹಾಗೆ ಹೊಡಿ, ಐದು ಹೀಗೆ ಹೊಡಿ ಅಂದೆ. ಕಾಗದ ನೋಡಿ ಒಪ್ಪಿಕೊಂಡಳು.

ಟ್ರಿಗರ್ ಹೇಳಿಕೊಟ್ಟದ್ದು ಅಡುಗೆಮನೆಯಲ್ಲಿ. ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುವಾಗ ಒರಳಿನ ಹಿಡಿಯನ್ನು ಅವಳ ಕೈಗೇ ಕೊಟ್ಟೆ. ಒಂದೇ ಸಲ ಜಗ್ಗಿದರೆ ಎಳೆ ತುಂಡಾಗುತ್ತೆ, ಒಂದೇ ಸಮ ಒತ್ತಿದರೆ ಉದ್ದಕ್ಕೆ ಇಳಿಯುತ್ತೆ. ಬೆರಳೂ ಹಾಗೇ. ಉಸಿರು ಅರ್ಧ ಬಿಟ್ಟು ನಿಲ್ಲಿಸು, ಒತ್ತುತ್ತಾ ಹೋಗು, ಯಾವಾಗ ಸಿಡಿಯುತ್ತೆ ಅಂತ ಕಾಯಬೇಡ. ಉಸಿರು ಕಟ್ಟಿದ ಹಾಗಾದರೆ ಬೆರಳು ತೆಗೆದು ಮೊದಲಿಂದ ಶುರು. ಸಿಡಿದ ಮೇಲೂ ಅಲ್ಲಾಡದೆ ಒಂದು, ಎರಡು ಎಣಿಸು. ಪೆಲೆಟ್ ನಳಿಗೆ ಬಿಟ್ಟು ಹೋಗೋಕೂ ಸ್ವಲ್ಪ ಹೊತ್ತು ಬೇಕು. ಆಮೇಲೆ ನಾನು ಕೇಳುವ ಪ್ರಶ್ನೆ ಒಂದೇ, ಸಿಡಿದಾಗ ಕಡ್ಡಿ ಎಲ್ಲಿತ್ತು? ಕಾಗದ ನೋಡುವ ಮೊದಲೇ "ಬಲಕ್ಕೆ, ಸ್ವಲ್ಪ ಕೆಳಗೆ" ಅಂತ ಸರಿಯಾಗಿ ಹೇಳಿದ ದಿನ, ಅದು ಏಳಂಕದ ಹೊಡೆತವಾದರೂ, ನನಗೆ ಹತ್ತಂಕಕ್ಕಿಂತ ಜಾಸ್ತಿ ಖುಷಿ ಆಯ್ತು.

ಅಂಕ ಬರೆಯೋದನ್ನು ಬಹಳ ದಿನ ಮುಂದೆ ಹಾಕಿದೆ. ಒಂದು ಸಲ ಐದೂ ಪೆಲೆಟ್ ಬಲಗಡೆ ಕೆಳಮೂಲೆಯಲ್ಲಿ ಬಿದ್ದವು, ಕಪ್ಪಿಗೆ ಒಂದೂ ತಾಗಿಲ್ಲ. ಮುಖ ಸಪ್ಪಗೆ ಮಾಡಿಕೊಂಡಳು. ನಾನು ಹತ್ತು ರೂಪಾಯಿ ನಾಣ್ಯ ತೆಗೆದು ಅದರ ಮೇಲಿಟ್ಟೆ. ಐದೂ ತೂತು ನಾಣ್ಯದಡಿ ಮುಚ್ಚಿಹೋದವು. ನೀನು ಸರಿಯಾಗಿಯೇ ಹೊಡೆದಿದ್ದೀಯ, ತಪ್ಪು ಸೈಟಿನದ್ದು, ಗುರಿ ನೋಡುವ ಕಡ್ಡಿ-ಕಚ್ಚಿನದ್ದು ಅಂದೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆ ಸರಿಸಬೇಕು. ಸ್ಕ್ರೂ ಎಡಕ್ಕೆ, ಮೇಲಕ್ಕೆ ತಿರುಗಿಸಿದೆವು. ಮುಂದಿನ ಐದರಲ್ಲಿ ನಾಲ್ಕು ಕಪ್ಪಿಗೆ.

ದಿನಕ್ಕೆ ಇಪ್ಪತ್ತೇ ಪೆಲೆಟ್. ಬಾಟಲಿ ಮುಚ್ಚಳದಲ್ಲಿ ಎಣಿಸಿ ಇಡೋದು ಅವಳ ಕೆಲಸ. ಮುಗಿದ ಮೇಲೆ ರೈಫಲ್ ಅಜ್ಜನ ಬೀರುವಿಗೆ, ಪೆಲೆಟ್ ಡಬ್ಬಿ ನನ್ನ ಬೀರುವಿಗೆ, ಎರಡು ಬೇರೆ ಬೀಗ. ಪೆಲೆಟ್ ಸೀಸದ್ದು, ಆದ್ದರಿಂದ ಸೋಪು ಹಚ್ಚಿ ಕೈ ತೊಳೆಯದೆ ತಿಂಡಿ ಇಲ್ಲ. ಸಿಟ್ಟು, ನಿದ್ದೆ, ಜ್ವರ ಇದ್ದ ದಿನ ಬೀರು ತೆಗೆಯುವುದೇ ಇಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಮಗೇ ಪುರುಸೊತ್ತಿಲ್ಲ, ತೋಟದ ತುಂಬ ಜನ. ಆಗ ಪೂರ್ತಿ ರಜೆ. ರಜೆ ಮುಗಿಸಿ ಬಂದಾಗ ಏನೂ ಮರೆತಿರಲಿಲ್ಲ. ದೂರ ಹತ್ತು ಮೀಟರಿಗೆ ಏರಿಸಿದೆವು.

ಪಕ್ಕದ ತೋಟದವರೊಬ್ಬರು "ಹೇಗೂ ಕಲಿತಿದ್ದಾಳಲ್ಲ, ಮಂಗ ಓಡಿಸೋಕೆ ಕಳಿಸಿ" ಅಂದರು. ತಮಾಷೆಗೆ ಅಂದದ್ದೇ ಇರಬಹುದು. ಸಿಲ್ವರ್ ಓಕ್ ಮೇಲೆ ಕೂತ ಹಕ್ಕಿ ತೋರಿಸಿ ಅವಳೂ ಒಮ್ಮೆ ಕೇಳಿದ್ದಳು. ಕಾಡುಪ್ರಾಣಿ, ಹಕ್ಕಿ ಹೊಡೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಹೇಳಿದೆ. ಅವಳಿಗೆ ಕಾಯ್ದೆಗಿಂತ ಚೆನ್ನಾಗಿ ಅರ್ಥ ಆದದ್ದು, ಕಾಗದದ ತೂತಿಗೆ ಇನ್ನೊಂದು ಕಾಗದ ಅಂಟಿಸಬಹುದು, ಹಕ್ಕಿಗೆ ಆಗಲ್ಲ ಅನ್ನೋದು.

2025ರ ಕೈಲ್ ಮುಹೂರ್ತ ಬಂತು. ಕಡುಂಬುಟ್ಟು ಊಟ ಆದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಜ್ಜ ಮೆಲ್ಲಗೆ ಬಂದು "ಗೂಡೆ ಒಂದು ಹೊಡೀಲಿ, ನಾನು ಹಿಡ್ಕೊಳ್ತೇನೆ" ಅಂದರು. ಆಗಲ್ಲ ಮಾವ ಅಂದೆ. ತೋಟಾ ಕೋವಿ ಹಿಂದಕ್ಕೆ ಒದೆಯುವ ಪೆಟ್ಟಿಗೆ ಆ ಭುಜ ಇನ್ನೂ ಸಣ್ಣದು. ಒಮ್ಮೆ ಹೆದರಿದರೆ ಆಮೇಲೆ ಏರ್ ರೈಫಲಿಗೂ ಕಣ್ಣು ಮುಚ್ಚುತ್ತಾಳೆ. ಮುಖ ದಪ್ಪ ಮಾಡಿಕೊಂಡರು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಹಗ್ಗದ ಹಿಂದೆ ನಿಂತು ನೋಡಿದಳು. ನೆಂಟರೊಬ್ಬರು ಕೋವಿಯ ನಳಿಗೆ ಮುರಿಯದೆ, ಮುಚ್ಚಿದ ಹಾಗೇ ಹಿಡಿದು ಜನರ ನಡುವೆ ನಡೆದುಬಂದರು. "ಚಿಕ್ಕಪ್ಪ, ಬಾಯಿ ಎಲ್ಲಿ?" ಅಂತ ಇವಳು ಕೂಗಿದಳು. ಅವರಿಗೆ ಏನೂ ಅರ್ಥ ಆಗಲಿಲ್ಲ. ಅಜ್ಜ ಹೋಗಿ ನಳಿಗೆ ಮುರಿಸಿ, ಒಳಗೆ ತೋಟೆ ಇಲ್ಲ ಅಂತ ನೋಡಿ, ಹಾಗೇ ಕೈಮೇಲೆ ಹಿಡಿಸಿದರು.

ಅದಾದ ಮುಂದಿನ ಭಾನುವಾರ ಲೆಕ್ಕ ತಪ್ಪಿತು. ಇಪ್ಪತ್ತರಲ್ಲಿ ಹದಿನೆಂಟು ಹೊಡೆದಿದ್ದಳು. ಮುಚ್ಚಳದಲ್ಲಿ ಎರಡಿರಬೇಕು, ಇದ್ದದ್ದು ಒಂದು. ಮೇಜಿನಡಿ, ಹುಲ್ಲಿನಲ್ಲಿ, ನಳಿಗೆಯಲ್ಲಿ, ಎಲ್ಲ ಹುಡುಕಿದೆವು. ಹೋಗಲಿ ಬಿಡು, ಒಂದು ತಾನೇ ಅಂದೆ. ಅವಳು ಒಪ್ಪಲಿಲ್ಲ. ಅರ್ಧ ಗಂಟೆ ಆದ ಮೇಲೆ ನನ್ನ ಎದುರು ಬಂದು ನಿಂತು, "ಜೇಬು ತೋರಿಸು" ಅಂದಳು. ಎಡಗಡೆ ಜೇಬಿನಲ್ಲಿ ಕರ್ಚೀಫಿನ ಅಡಿಯಲ್ಲಿತ್ತು.

"ಜಗುಲಿಗೆ ಹೋಗಿ ವಾಪಸ್ ಬಾ" ಅಂದಳು. ಹೋಗಿ ಬಂದೆ.