ಲಾರಿ ಚಾಲಕನಿಗೆ ಬ್ಲಾಕ್‌ಚೈನ್ ಗೊತ್ತಿರಬೇಕಾಗಿಲ್ಲ

ಹಡಗು ಸಾಗಣೆ ಕಂಪನಿ ಮೆರ್ಸ್ಕ್ ಮತ್ತು ಐಬಿಎಂ, ಬ್ಲಾಕ್‌ಚೈನ್ (ಹಲವರು ಹಂಚಿಕೊಳ್ಳುವ, ಬರೆದದ್ದನ್ನು ಗುಟ್ಟಾಗಿ ತಿದ್ದಲಾಗದ ಲೆಕ್ಕಪುಸ್ತಕ) ಬಳಸಿ ಸರಕಿನ ದಾಖಲೆ ಹಂಚುವ ತಮ್ಮ ಟ್ರೇಡ್‌ಲೆನ್ಸ್ ವೇದಿಕೆಯನ್ನು ಮುಚ್ಚುವುದಾಗಿ 2022ರ ನವೆಂಬರಿನಲ್ಲಿ ಪ್ರಕಟಿಸಿದಾಗ, ನನ್ನ ಪಾಲುದಾರರು ಆ ಸುದ್ದಿಯನ್ನು ಒಂದೇ ದಿನ ಮೂರು ಸಲ ಕಳುಹಿಸಿದರು. ಗಡಿ ದಾಟುವ ಲಾರಿಗಳ ದಾಖಲೆಗೆ ನಾನೂ ಅದನ್ನೇ ಬಳಸಲು ಹೊರಟಿದ್ದೆನಲ್ಲ! ಆನೆಯೇ ಮುಳುಗಿದ ಹೊಳೆಯಲ್ಲಿ ಆಡು ನೀರಿನ ಆಳ ಕೇಳುತ್ತಿದೆ ಎಂಬ ಕುಹಕ ಬೇರೆ.

ಅಷ್ಟರಲ್ಲಿ ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೆ. 2021ರಲ್ಲಿ ಪ್ರತಿ ದಾಖಲೆಗೂ ಎಥೀರಿಯಂ ಎಂಬ ಸಾರ್ವಜನಿಕ ಬ್ಲಾಕ್‌ಚೈನ್‌ನಲ್ಲಿ ಒಂದೊಂದು ವಹಿವಾಟು ಬರೆಸಿದೆ. ಕೆಲವು ದಿನ ಅದರ ಶುಲ್ಕವೇ ಕಸ್ಟಮ್ಸ್ ಕೆಲಸ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟರ ಕೂಲಿಯನ್ನು ಮೀರುತ್ತಿತ್ತು. ಆಮೇಲೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ತಂತ್ರಾಂಶದಲ್ಲಿ ಖಾಸಗಿ ಬ್ಲಾಕ್‌ಚೈನ್ ಜಾಲ ಕಟ್ಟಿ, ಆರು ಜನರಿಗೆ ಆರು ನೋಡ್ (ಲೆಕ್ಕಪುಸ್ತಕದ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್) ಕೊಟ್ಟೆ. ಮೂರು ತಿಂಗಳ ನಂತರ ಎರಡು ಬದುಕಿದ್ದವು, ಎರಡನ್ನೂ ನಾನೇ ನಡೆಸುತ್ತಿದ್ದೆ. ಉಳಿತಾಯದ ಮುಕ್ಕಾಲು ಪಾಲು ಅಲ್ಲೇ ಕರಗಿತು.

ಈಗ ದಾಖಲೆ ಯಾವುದೂ ಚೈನ್‌ಗೆ ಹೋಗುವುದಿಲ್ಲ. ಪ್ರತಿ ಕಡತಕ್ಕೂ ಹ್ಯಾಷ್ ಎಂಬ ಬೆರಳಚ್ಚಿನಂಥ ಸಂಕೇತ ತೆಗೆಯುತ್ತೇನೆ, ಕಡತ ಚೂರು ಬದಲಾದರೂ ಅದು ಬದಲಾಗುತ್ತದೆ. ಇಡೀ ದಿನದ ಹ್ಯಾಷ್‌ಗಳನ್ನು ಒಂದು ಮರ್ಕಲ್ ಮರಕ್ಕೆ ಸೇರಿಸಿ (ಜೋಡಿ ಜೋಡಿಯಾಗಿ ಬೆಸೆದು ಕೊನೆಗೆ ಒಂದೇ ಹ್ಯಾಷ್ ಉಳಿಸುವ ವಿಧಾನ), ರಾತ್ರಿ ಅದರ ಬೇರನ್ನು, ಅಂದರೆ ಆ ಕೊನೆಯ ಹ್ಯಾಷ್ ಒಂದನ್ನಷ್ಟೇ, ಚೈನ್‌ನಲ್ಲಿ ಬರೆಯುತ್ತೇನೆ. ಮುನ್ನೂರು ದಾಖಲೆಗೂ ಒಂದೇ ಶುಲ್ಕ. ಸರಕಿನ ಜೊತೆಗಿನ ಚೀಟಿಯ ಕ್ಯೂಆರ್‌ನಲ್ಲಿ ಹ್ಯಾಷ್ ಇರುವುದರಿಂದ, ನೆಟ್‌ವರ್ಕ್ ಇಲ್ಲದ ಗಡಿಯಲ್ಲೂ ಏಜೆಂಟರು ತಮ್ಮ ಫೋನಿನ ಕಡತದೊಡನೆ ಅದನ್ನು ಹೋಲಿಸಬಹುದು. ಚೈನ್‌ನೊಡನೆ ತಾಳೆ ನೋಡುವುದು ಸಿಗ್ನಲ್ ಸಿಕ್ಕ ಮೇಲೆ.

ಮೊದಲ ಎರಡು ವಾರ ಮಾತ್ರ ಒಂದು ಹ್ಯಾಷ್ ಕೂಡ ತಾಳೆಯಾಗಲಿಲ್ಲ. ಕೋಡ್ ಅನ್ನು ನಾಲ್ಕು ಸಲ ಜಾಲಾಡಿದೆ. ತಪ್ಪಿದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ: ಫೋಟೊ ಆಗಿ ಕಳುಹಿಸಿದ ಇನ್‌ವಾಯ್ಸ್ ಕುಗ್ಗಿ ಬೇರೆಯೇ ಕಡತವಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಏಜೆಂಟರಿಗೆ ಈ ಅಭ್ಯಾಸವನ್ನು ನಾನು ಹೇಗೆ ಹಿಡಿಸಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ಗಡಿಯ ಆಚೀಚೆ ಎರಡು ಬೇರೆ ಪ್ಯಾಕಿಂಗ್ ಲಿಸ್ಟ್ ಓಡಾಡುವುದೇ ಲಾರಿ ನಿಲ್ಲಲು ದೊಡ್ಡ ಕಾರಣವಾಗಿತ್ತು. ಈಗ ಆ ವ್ಯತ್ಯಾಸ ಲಾರಿ ಹೊರಡುವ ಮೊದಲೇ ಸಿಕ್ಕಿಬೀಳುತ್ತದೆ. ನಾಲ್ಕು ದಿನದ ಕಾಯುವಿಕೆ ನನ್ನ ಲೆಕ್ಕದಲ್ಲಿ ಒಂದೂವರೆಗೆ ಇಳಿದಿದೆ, ಲಾರಿ ಕಾದು ನಿಂತದ್ದಕ್ಕೆ ತೆರುವ ಡಿಟೆನ್ಷನ್ ಬಿಲ್ ಅರ್ಧಕ್ಕಿಂತ ಕಡಿಮೆ. ಕುಹಕವಾಡಿದವರೇ ಈಗ ತಮ್ಮ ಸರಕನ್ನೂ ಸೇರಿಸಿ ಎನ್ನುತ್ತಿದ್ದಾರೆ. ಪೆಟ್ಟಿಗೆಯೊಳಗೆ ಬರೆದದ್ದೇ ಇದೆಯೇ ಎಂಬುದು ಮಾತ್ರ ಯಾವ ಹ್ಯಾಷ್‌ಗೂ ತಿಳಿಯದು. ಅದಕ್ಕೆಂದು ಬಾಗಿಲಿಗೆ ಸೆನ್ಸರ್ ಹಾಕಿ ನೋಡಿದೆ. ರಸ್ತೆಯ ಪ್ರತಿ ಗುಂಡಿಗೂ ‘ಬಾಗಿಲು ತೆರೆಯಿತು’ ಎಂದು ಕೂಗಿತು, ಕಿತ್ತು ಬಿಸಾಡಿದೆ.

ಸರಕಿನ ಹಕ್ಕನ್ನೇ ಹೊತ್ತ ಸಾಗಣೆ ಪತ್ರವಾದ ಬಿಲ್ ಆಫ್ ಲೇಡಿಂಗ್‌ಗೆ ಇನ್ನೂ ಕೈ ಹಾಕಿಲ್ಲ. ಅಂಥ ಪತ್ರಗಳ ಎಲೆಕ್ಟ್ರಾನಿಕ್ ರೂಪಕ್ಕೂ ಮಾನ್ಯತೆ ಕೊಡುವ ವಿಶ್ವಸಂಸ್ಥೆಯ 2017ರ ಮಾದರಿ ಕಾನೂನನ್ನು ಗಡಿಯ ಎರಡೂ ಕಡೆಯವರು ಒಪ್ಪುವವರೆಗೆ ಅದು ಕಾಗದವಾಗಿಯೇ ಕೊರಿಯರ್‌ನಲ್ಲಿ ಹೋಗಲಿ.